ಇಪ್ಪತ್ತಮೂರು ಜನ ಹೊಗಳಿದ ಟೈರು

ನನ್ನ ಗಂಡ ಇಪ್ಪತ್ತೆಂಟು ವರ್ಷದಿಂದ ಮೋಟಾರ್ ಬೈಕುಗಳಿಗೆ ಟೈರ್ ಹಾಕುತ್ತಿದ್ದಾರೆ. ಇವತ್ತಿನವರೆಗೆ ಒಂದು ಬೈಕನ್ನೂ ಓಡಿಸಿಲ್ಲ. ಇದನ್ನು ಕೇಳಿದವರು ಮೊದಲು ನಗುತ್ತಾರೆ, ಆಮೇಲೆ ಇವರು ಆಗಷ್ಟೇ ಹಾಕಿಕೊಟ್ಟ ತಮ್ಮ ಟೈರಿನ ಕಡೆ ಒಮ್ಮೆ ತಿರುಗಿ ನೋಡುತ್ತಾರೆ. ಇವರೇನೋ ನಕ್ಕರೆ ನಗಲಿ ಎಂದು ಸುಮ್ಮನಿರುತ್ತಾರೆ, ನನಗೆ ಮಾತ್ರ ಮೈ ಉರಿಯುತ್ತದೆ. ನಾನು ದರ್ಜಿ. ಗಂಡಸರ ಪ್ಯಾಂಟು ಹೊಲಿಯುತ್ತೇನೆ, ಒಂದನ್ನೂ ತೊಟ್ಟಿಲ್ಲ. ನನ್ನನ್ನು ಯಾರೂ ಏನೂ ಕೇಳುವುದಿಲ್ಲವಲ್ಲ!

ಇವರು ಹನ್ನೊಂದು ವರ್ಷದವರಿದ್ದಾಗ ಬಂದ ಜ್ವರ ಎಡಗಿವಿಯ ಒಳಗನ್ನು ಕೆಡಿಸಿ ಹೋಯಿತಂತೆ. ಕಿವಿ ಕೇಳಿಸುತ್ತದೆ, ಆದರೆ ಮೈ ಸಮತೂಕ ಹಿಡಿಯುವುದಿಲ್ಲ. ಸೈಕಲ್ ಹತ್ತಿದರೂ ಎಡಕ್ಕೆ ವಾಲಿ ಬೀಳುತ್ತಾರೆ. ಮದುವೆಯಾದ ಹೊಸತರಲ್ಲಿ ಇದು ಗೊತ್ತಿಲ್ಲದೆ, ಏಣಿ ಹತ್ತಿ ಒಂದು ಬಲ್ಬು ಹಾಕಿಕೊಡಿ ಎಂದಿದ್ದೆ. ಕೊನೆಗೆ ಬಲ್ಬಿನ ಚೂರುಗಳನ್ನೂ ಇವರನ್ನೂ ನಾನೇ ನೆಲದಿಂದ ಎತ್ತಬೇಕಾಯಿತು. ಅಂಥವರು ಎರಡು ಚಕ್ರದ ಮೇಲೆ ನೂರಾರು ಮೈಲಿ ಹೋಗುವವರ ಕಾಲಡಿಯ ಕೆಲಸವನ್ನೇ ಯಾಕೆ ಹಿಡಿದರು ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. "ನನಗೆ ಆಗದ್ದು ಅವರಿಗೆ ಹೇಗೆ ಆಗುತ್ತೆ ಅಂತ ನೋಡೋಣ ಅಂತ," ಎಂದರು. ಆ ಉತ್ತರ ಕೇಳಿದ ದಿನವೇ ಇವರು ನನಗೆ ಇಷ್ಟವಾಗಿದ್ದು, ಇದನ್ನು ಅವರಿಗೆ ಇನ್ನೂ ಹೇಳಿಲ್ಲ.

ಶುರುವಾಗಿದ್ದು ಹಳೆಯ ಬಸ್ ಟೈರಿಗೆ ಹೊಸ ರಬ್ಬರು ಕೂರಿಸುವ ಕಾರ್ಖಾನೆಯಲ್ಲಿ. ಅಲ್ಲಿ ಏಳು ವರ್ಷ ಇವರ ಕೆಲಸ ಒಂದೇ, ಸವೆದು ಬಂದ ಟೈರಿನ ಮೇಲೆ ಅಂಗೈ ಆಡಿಸಿ ಅದು ಯಾಕೆ ಸವೆಯಿತು ಎಂದು ಚೀಟಿ ಬರೆಯುವುದು. ಒಂದು ಬದಿ ಮಾತ್ರ ಸವೆದಿದ್ದರೆ ಚಕ್ರ ಓರೆ, ಅಲ್ಲಲ್ಲಿ ತಗ್ಗು ಬಿದ್ದಿದ್ದರೆ ಸ್ಪ್ರಿಂಗ್ ಹಾಳು. ಅಲ್ಲಿದ್ದಾಗಲೇ ಗಾಳಿ ಕಡಿಮೆಯಿದ್ದ ಒಂದು ಬಸ್ ಟೈರು ಬಿಸಿಯಾಗಿ ಒಡೆದು, ಪಕ್ಕದಲ್ಲಿದ್ದ ಮೆಕ್ಯಾನಿಕ್ಕಿನ ಎರಡು ಬೆರಳು ಹೋದವು. ಅದನ್ನು ಕಣ್ಣಾರೆ ನೋಡಿದ ಮೇಲೆ ಇವರಿಗೆ ಗಾಳಿ ಕಡಿಮೆ ಎಂದರೆ ಸಾಕು, ಜೀವ ಬಾಯಿಗೆ ಬರುತ್ತಿತ್ತು.

ಈಗ ನಮ್ಮ ಮನೆಯ ಕೆಳಗೆ ಅಕ್ಕಪಕ್ಕ ಎರಡು ಅಂಗಡಿ. ಒಂದರಲ್ಲಿ ಇವರ ಟೈರು, ಇನ್ನೊಂದರಲ್ಲಿ ನನ್ನ ಹೊಲಿಗೆ ಯಂತ್ರ. ನಡುವಿನ ಗೋಡೆಯಲ್ಲಿ ಕಿಟಕಿಯಷ್ಟು ಅಗಲದ ಕಂಡಿ. ಅದರ ಮೂಲಕ ಆ ಕಡೆಯಿಂದ ರಬ್ಬರಿನ ವಾಸನೆ, ಕಂಪ್ರೆಸರಿನ ಗುಡುಗು, ಗಿರಾಕಿಗಳ ಬಡಾಯಿ ಎಲ್ಲವೂ ನನ್ನ ಕಡೆ ಬರುತ್ತವೆ. ನನ್ನ ಕಡೆಯಿಂದ ಆ ಕಡೆ ಹೋಗುವುದು ಹೆಚ್ಚಾಗಿ ಬೈಗುಳ.

ಇವರ ಹತ್ತಿರ ಒಂದು ದಪ್ಪ ಪುಸ್ತಕವಿದೆ. ಪ್ರತಿ ಪುಟವನ್ನೂ ಗೆರೆ ಎಳೆದು ಎರಡು ಭಾಗ ಮಾಡಿದ್ದಾರೆ. ಎಡಕ್ಕೆ 'ಸವಾರರು ಹೇಳಿದ್ದು', ಬಲಕ್ಕೆ 'ಟೈರು ಹೇಳಿದ್ದು'. ಹಳೆ ಟೈರು ಬಿಚ್ಚಿಸಲು ಯಾರೇ ಬರಲಿ, ಮೊದಲು ಅವರನ್ನು ಸ್ಟೂಲಿನ ಮೇಲೆ ಕೂರಿಸಿ ಬಾಯಿ ಬಿಡಿಸುತ್ತಾರೆ. ಮಳೆಯಲ್ಲಿ ಹೇಗಿತ್ತು? ಬೈಕು ವಾಲುವಾಗ ಒಂದೇ ಸಮ ವಾಲುತ್ತಾ, ಇಲ್ಲ ದಢಕ್ಕನೆ ಒರಗುತ್ತಾ? ಮನೆಯಿಂದ ಹೊರಟ ಮೊದಲ ಹತ್ತು ನಿಮಿಷ ಹೇಗೆ? ಬ್ರೇಕ್ ಹಾಕಿದಾಗ ಕೈಗೆ ಏನು ಗೊತ್ತಾಗುತ್ತೆ? ಹೊಸಬರು ತಬ್ಬಿಬ್ಬಾಗುತ್ತಾರೆ. ಟೈರು ಬದಲಾಯಿಸಲು ಬಂದರೆ ಈ ಮನುಷ್ಯ ಡಾಕ್ಟರ ಹಾಗೆ ತಲೆ ತಿನ್ನುತ್ತಾನಲ್ಲ ಎಂದುಕೊಳ್ಳುತ್ತಾರೆ. ಆದರೆ ಐದು ನಿಮಿಷ ಕಳೆಯಲಿ, ಅವರೇ ಕೈ ಆಡಿಸಿಕೊಂಡು, ಸ್ಟೂಲಿನ ಮೇಲೆಯೇ ಎಡಬಲ ವಾಲಿ ತೋರಿಸತೊಡಗುತ್ತಾರೆ. ಇವರು ಕಣ್ಣರಳಿಸಿ ಕೇಳುತ್ತಾರೆ. ಯಾರೂ ಅವರ ಸವಾರಿಯ ಬಗ್ಗೆ ಅಷ್ಟು ಆಸೆಯಿಂದ ಕೇಳಿರುವುದಿಲ್ಲ, ಅವರ ಮನೆಯವರಂತೂ ಕೇಳಿರುವುದೇ ಇಲ್ಲ.

ಆಮೇಲೆ ಟೈರಿನ ಸರದಿ. ಒಮ್ಮೆ ವಿಮೆ ಕಂಪನಿಯವನೊಬ್ಬ ಬಂದು, ಬೆಟ್ಟದ ತಿರುವುಗಳಲ್ಲಿ ಮೊಣಕಾಲು ನೆಲಕ್ಕೆ ತಾಗುವಷ್ಟು ಬೈಕು ಮಲಗಿಸುತ್ತೇನೆ ಎಂದು ಅರ್ಧ ಗಂಟೆ ಕೊಚ್ಚಿದ. ಬೈಕನ್ನು ನಿಜವಾಗಿ ವಾಲಿಸುವವರ ಟೈರು ಅಂಚಿನವರೆಗೂ ಸವೆದಿರುತ್ತದೆ. ಹೆದರುವವರದ್ದು ಅಂಚಿನಲ್ಲಿ ಹೊಸದರಂತೆ ಉಳಿದಿರುತ್ತದೆ. ಇವನದ್ದು ಅಂಚಿನವರೆಗೂ ಸವೆದಿತ್ತು. ಇವರು ಅಂಗೈ ಆಡಿಸಿದರು. "ತಿರುವಿನಲ್ಲಿ ಸವೆದ ರಬ್ಬರು ಸಣ್ಣ ಸಣ್ಣ ಉಂಡೆ ಕಟ್ಟುತ್ತೆ ಸಾರ್. ಇಲ್ಲಿ ಗೀರು ಬಿದ್ದಿದೆ. ಎಷ್ಟನೇ ನಂಬರ್ ಮರಳು ಕಾಗದ ಉಜ್ಜಿದ್ರಿ?" ಎಂದು ಕೇಳಿದರು. ಅಣಕಿಸಲು ಅಲ್ಲ, ನಿಜವಾಗಿ ತಿಳಿಯುವ ಆಸೆಗೆ. ಅವನು ಉಗುಳು ನುಂಗಿ, "ಎಂಬತ್ತು," ಎಂದ. ನಾನು ಕಂಡಿಯ ಈ ಕಡೆ ಬಟ್ಟೆ ಬಾಯಿಗೆ ತುರುಕಿಕೊಂಡು ನಕ್ಕೆ. ಅವನಿಗೆ ನಮ್ಮಲ್ಲಿ ಇವತ್ತಿಗೂ 'ಎಂಬತ್ತು ನಂಬರ್' ಎಂದೇ ಹೆಸರು. ಬೇರೆ ಕಡೆ ಟೈರು ಹಾಕಿಸುವುದೂ ಇಲ್ಲ.

ನಾಲ್ಕು ವರ್ಷದ ಹಿಂದೆ ಇವರ ಅಂಗಡಿಗೆ ಒಂದು ಹೊಸ ಸ್ಪೋರ್ಟ್ ಟೂರಿಂಗ್ ಟೈರು ಬಂತು. ಈ ಜಾತಿಯ ಟೈರಿನ ಕಷ್ಟ ದೊಡ್ಡದು. ದೂರ ಓಡಬೇಕು, ಅಂದರೆ ರಬ್ಬರು ಗಟ್ಟಿ ಇರಬೇಕು. ತಿರುವಿನಲ್ಲಿ ನೆಲ ಹಿಡಿಯಬೇಕು, ಅಂದರೆ ಮೆದು ಇರಬೇಕು. ಹಾಗಾಗಿ ನಡುವೆ ಗಟ್ಟಿ ರಬ್ಬರು, ಎರಡೂ ಬದಿಗೆ ಮೆದು ರಬ್ಬರು ಇಟ್ಟು ಮಾಡುತ್ತಾರೆ. ಅದರಲ್ಲೂ ಈ ಟೈರನ್ನು ಹಾಕಿಸಿದವರು ಹೊಗಳಿದ್ದೇ ಹೊಗಳಿದ್ದು. ಬ್ಯಾಂಕಿನವರೊಬ್ಬರು, "ಮಳೆ ಬಂದಿದ್ದೇ ಗೊತ್ತಾಗಲಿಲ್ಲ," ಎಂದರು. ದೊಡ್ಡ ಮೀಸೆಯವರೊಬ್ಬರು ಹೆಂಡತಿಯನ್ನೂ ಎರಡು ಪೆಟ್ಟಿಗೆ ಸಾಮಾನನ್ನೂ ಹೇರಿಕೊಂಡು ಹದಿನೈದು ದಿನ ಸುತ್ತಿ ಬಂದು, "ಹೆಂಡತಿ ಬೈಯಲಿಲ್ಲ, ಅಷ್ಟು ಚೆನ್ನಾಗಿದೆ," ಎಂದರು. ಹೀಗೆ ಇಪ್ಪತ್ತಮೂರು ಪುಟ. ಒಂದರಲ್ಲೂ ಕೆಟ್ಟ ಮಾತಿಲ್ಲ. ಇವರು ಆ ಟೈರನ್ನು ತಾವೇ ಹೆತ್ತ ಹಾಗೆ ಮಾತಾಡುತ್ತಿದ್ದರು. ಕಳೆದ ವರ್ಷ ತಂಗಿಯ ಬೈಕಿಗೂ ಅದನ್ನೇ ಹಾಕಿದರು.

ತಂಗಿ ಎಂದರೆ ನನ್ನ ನಾದಿನಿ. ನಲವತ್ತೆರಡು ವರ್ಷ, ಬೂಟು ಹೆಲ್ಮೆಟ್ ಸೇರಿದರೂ ಐವತ್ತು ಕಿಲೋ ದಾಟದ ಮೈ. ಇಪ್ಪತ್ತು ವರ್ಷದಿಂದ ಬೈಕು ಓಡಿಸುತ್ತಾಳೆ. ಬೆಟ್ಟದ ಆಚೆಯ ಸಣ್ಣ ಸಣ್ಣ ಕ್ಲಿನಿಕ್ಕುಗಳಿಂದ ರಕ್ತದ ಸ್ಯಾಂಪಲ್ ತಂದು ಇಲ್ಲಿನ ದೊಡ್ಡ ಲ್ಯಾಬಿಗೆ ಬೆಳಗ್ಗೆ ಎಂಟರೊಳಗೆ ಮುಟ್ಟಿಸುವುದು ಅವಳ ಕೆಲಸ. ಐದಕ್ಕೆ ಮನೆ ಬಿಡುತ್ತಾಳೆ. ಚಳಿಯೋ ಮಳೆಯೋ, ಒಂದು ದಿನ ತಡವಾಗಿಲ್ಲ. ನಮ್ಮವರಿಗೆ ಬೈಕು ವಾಲುವುದು ಎಂದರೇನು ಎಂದು ಮೈಗೆ ಗೊತ್ತಿರುವುದು ಅವಳಿಂದಲೇ. ಅವಳು ಹೊಸದಾಗಿ ಕಲಿತಾಗ ಅಣ್ಣನನ್ನು ಹಿಂದೆ ಕೂರಿಸಿಕೊಂಡು ಊರು ಸುತ್ತಿಸಿದ್ದಳಂತೆ. ಅಣ್ಣ ಕಣ್ಣು ಮುಚ್ಚಿ, ಅವಳ ಜಾಕೆಟ್ಟು ಹರಿದುಹೋಗುವ ಹಾಗೆ ಹಿಡಿದು ಕೂತಿದ್ದನಂತೆ.

ಅವಳು ಹೋದ ತಿಂಗಳ ಒಂದು ಸೋಮವಾರ ಬಿದ್ದಳು. ಲ್ಯಾಬಿನ ಮುಂದಿನ ವೃತ್ತದಲ್ಲಿ, ತುಂತುರು ಮಳೆಯಲ್ಲಿ, ಓಡುವವನೂ ಹಿಂದೆ ಹಾಕಬಹುದಾದಷ್ಟು ನಿಧಾನದಲ್ಲಿ. ಮೊಣಕೈ ತರಚಿತು. ಸ್ಯಾಂಪಲ್ಲಿನ ಪೆಟ್ಟಿಗೆಗೆ ಏನೂ ಆಗಲಿಲ್ಲ. ಮರುದಿನ ಕೈಗೆ ಬಟ್ಟೆ ಕಟ್ಟಿಕೊಂಡು ಅಂಗಡಿಗೆ ಬಂದಳು.

"ಅಣ್ಣ, ಹಿಂದಿನ ಚಕ್ರ ನನ್ನ ಬಿಟ್ಟು ಹೋಗುತ್ತೆ," ಎಂದಳು.

"ಬಿಟ್ಟು ಹೋಗೋದು ಅಂದ್ರೆ?"

"ನಾನು ತಿರುಗ್ತೀನಿ, ಅದು ತಿರುಗಲ್ಲ. ಪಕ್ಕಕ್ಕೆ ಜಾರುತ್ತೆ. ಬೆಳಗಿನ ಹೊತ್ತು, ನೆಲ ಒದ್ದೆ ಇದ್ದಾಗ. ಮೊದಲೂ ಎರಡು ಸಲ ಆಗಿತ್ತು. ಹೇಳಿದ್ದೆ ನಿನಗೆ."

ಇವರು ಚಕ್ರದ ಪಕ್ಕ ಕೂತು ಹುಡುಕಿದರು. ಮೊಳೆಯಿಲ್ಲ, ಸೀಳಿಲ್ಲ, ಗೆರೆಗಳು ಆಳವಾಗಿಯೇ ಇವೆ. ಗಾಳಿ ಅಳೆದರು. "ಸರಿಯಾಗಿದೆ, ನಾನೇ ಹಾಕಿದ್ದಲ್ವಾ," ಎಂದರು. ಆಮೇಲೆ ಹೋಗಿ ಪುಸ್ತಕ ತಂದು, ಇಪ್ಪತ್ತಮೂರು ಪುಟಗಳನ್ನೂ ಒಂದೊಂದಾಗಿ ತಿರುವಿ ಅವಳ ಮುಂದೆ ಹಿಡಿದರು.

"ಟೈರಲ್ಲಿ ಏನೂ ಇಲ್ಲ ಕಣೆ. ಒಂದು ಸಲ ಬಿದ್ದ ಮೇಲೆ ಎಲ್ಲರಿಗೂ ಹಾಗೇ ಅನ್ಸುತ್ತೆ. ಅದು ನಿನ್ನ ತಲೆಯಲ್ಲಿದೆ."

"ಬೀಳೋಕೆ ಮೊದಲೇ ಹೇಳಿದ್ನಲ್ಲ, ಅಣ್ಣ."

ಇವರು ಪುಸ್ತಕ ಮುಚ್ಚಿದರು. ಅವಳು ಕಂಡಿಯ ಈ ಕಡೆ ಬಂದು ನನ್ನ ಕತ್ತರಿಯ ಪಕ್ಕ ಕೂತಳು. ಬೈಕು ನೋಡಲು ಭಾನುವಾರ ಒಬ್ಬರು ಬರುತ್ತಾರೆ, ಮಾರಿಬಿಡುತ್ತೇನೆ ಎಂದಳು. ಗಂಡನೇ ಹುಡುಕಿದ್ದಾನಂತೆ. ಲ್ಯಾಬಿನವರು ಒಳಗೆ ಕೂತು ಬಾಟಲಿಗೆ ಚೀಟಿ ಅಂಟಿಸುವ ಕೆಲಸ ಕೊಡುತ್ತೇವೆ ಎಂದಿದ್ದಾರಂತೆ.

"ಅದು ಹೋಗಲಿ ಬಿಡಿ ಅತ್ತಿಗೆ. ಇಪ್ಪತ್ತು ವರ್ಷ ಓಡಿಸಿದೀನಿ. ಈಗ ಹ್ಯಾಂಡಲ್ ಹಿಡಿದ್ರೆ ಇದು ನನ್ನ ಕೈಯೇನಾ ಅನ್ಸುತ್ತೆ. ಅಣ್ಣನೇ ತಲೆಯಲ್ಲಿದೆ ಅಂದ ಮೇಲೆ ಇರಬೇಕು."

ಅವಳು ಹೋದಳು. ನನ್ನ ಯಂತ್ರ ಆ ದಿನವಿಡೀ ವಕ್ರವಾಗಿ ಹೊಲಿಯಿತು. ಸಿಟ್ಟು ಬಂದಾಗ ನಾನು ಹಾಗೇ ಹೊಲಿಯುವುದು.

ಮಧ್ಯಾಹ್ನ ಊಟಕ್ಕೆ ಕೂತಾಗ ನಾನೇ ಕಾಲು ಕೆರೆದೆ. "ರೀ, ನನ್ನ ಹತ್ರ ಅಂಗಿ ಹೊಲಿಸಿದೋರಲ್ಲಿ ಚೆನ್ನಾಗಿಲ್ಲ ಅಂತ ಎಷ್ಟು ಜನ ಬಂದು ಹೇಳಿದಾರೆ ಗೊತ್ತಾ?"

"ಎಷ್ಟು?"

"ಇಷ್ಟು ವರ್ಷದಲ್ಲಿ ನಾಲ್ಕೋ ಐದೋ. ಅಂದ್ರೆ ನಾನು ಹೊಲಿದಿದ್ದೆಲ್ಲ ಚೆನ್ನಾಗಿದೆ ಅಂತಾನಾ? ಸರಿಹೋಗದೇ ಇರೋರು ಹೇಳೋಕೆ ಬರಲ್ಲ ರೀ. ಬೇರೆ ಟೈಲರ್ ಹತ್ರ ಹೋಗ್ತಾರೆ. ನಿಮ್ಮ ಪುಸ್ತಕದಲ್ಲಿರೋರು ಯಾರು? ಆ ಟೈರ್ ಸವೆಸಿ, ಅಂಥದ್ದೇ ಇನ್ನೊಂದು ಜೊತೆ ಬೇಕು ಅಂತ ಬಂದೋರು. ಇಷ್ಟವಾಗದೇ ಇದ್ದೋರು ನಿಮ್ಮ ಸ್ಟೂಲ್ ಮೇಲೆ ಯಾಕೆ ಬಂದು ಕೂತ್ಕೋತಾರೆ?"

ಇವರ ಕೈಯಲ್ಲಿನ ತುತ್ತು ಅಲ್ಲೇ ನಿಂತಿತು. ಎದ್ದು ಕೈ ತೊಳೆದು ಕೆಳಗೆ ಹೋದರು. ಆ ಟೈರನ್ನು ಇದುವರೆಗೆ ನಲವತ್ತೊಂದು ಬೈಕಿಗೆ ಹಾಕಿದ್ದರು. ಇಪ್ಪತ್ತಮೂರು ಮಂದಿ ತಿರುಗಿ ಬಂದಿದ್ದರು. ಕೆಲವರ ಟೈರು ಇನ್ನೂ ಸವೆದಿರಲಿಕ್ಕಿಲ್ಲ, ಕೆಲವರು ಊರು ಬಿಟ್ಟಿರಬಹುದು. ಆದರೂ ಉಳಿದ ಅಷ್ಟು ಜನ ಎಲ್ಲಿ ಹೋದರು ಎಂದು ಇವರು ಇದುವರೆಗೆ ಒಮ್ಮೆಯೂ ಯೋಚಿಸಿರಲಿಲ್ಲ. ಜಗತ್ತಿನ ಎಲ್ಲದಕ್ಕೂ ಪ್ರಶ್ನೆ ಕೇಳುವ ಮನುಷ್ಯ ಇದೊಂದನ್ನು ಕೇಳಿಕೊಂಡಿರಲಿಲ್ಲ!

ಬುಧವಾರ ಬೆಳಗ್ಗೆ ಇವರು ಅಂಗಡಿಗೆ ಬೀಗ ಹಾಕಿ ಹೊರಟರು. ನಾನೂ ಬೀಗ ಹಾಕಿದೆ. ಮೂವರಿಗೆ ಪ್ಯಾಂಟು ಕೊಡುವುದಿತ್ತು. ಒಂದು ದಿನ ಹಳೆ ಪ್ಯಾಂಟೇ ಹಾಕಿಕೊಳ್ಳಲಿ ಎಂದುಕೊಂಡೆ. ಇವರ ಚಾಳಿ ನನಗೂ ಅಂಟಿಕೊಂಡಿತ್ತು.

ತಿರುಗಿ ಬಾರದವರು ತಂಗಿಯ ಹಾಗೆ ಬೈಕು ಮಾರಲು ಹೊರಟಿರಬಹುದು ಎಂದು ಹೋಗಿದ್ದು ಹಳೆ ಬೈಕು ಮಾರುವವರ ಅಂಗಳಕ್ಕೆ. ತಗಡಿನ ಮಾಡಿನ ಕೆಳಗೆ ಅರವತ್ತು ಎಪ್ಪತ್ತು ಬೈಕುಗಳು ಒಂದಕ್ಕೊಂದು ಒರಗಿ ನಿಂತಿದ್ದವು. ಅಂಗಳದವರು, "ಕೊಳ್ಳೋಕಾ, ಮಾರೋಕಾ?" ಎಂದು ಕೇಳಿದರು. "ಹಿಂದಿನ ಟೈರ್ ನೋಡೋಕೆ," ಎಂದರು ನಮ್ಮವರು. ಆ ಮನುಷ್ಯ ನನ್ನ ಮುಖ ನೋಡಿದರು. ನಾನು, ಹೌದು, ಇವರು ಹೀಗೇ ಎನ್ನುವಂತೆ ತಲೆಯಾಡಿಸಿದೆ.

ತಾವು ಹಾಕಿದ ಪ್ರತಿ ಟೈರಿಗೂ ಇವರು ಗಾಳಿ ತುಂಬುವ ವಾಲ್ವಿನ ಪಕ್ಕ ಒಂದು ಹಳದಿ ಚುಕ್ಕೆ ಇಡುತ್ತಾರೆ. ಸಾಲುಗಳ ನಡುವೆ ಬಗ್ಗಿ ಬಗ್ಗಿ ನೋಡುತ್ತಾ ಹೋದೆವು. ಆ ಟೈರು, ಆ ಹಳದಿ ಚುಕ್ಕೆ ಇದ್ದ ಬೈಕುಗಳು ಮೂರು ಸಿಕ್ಕವು. ಮೂರರ ಟೈರೂ ಅರ್ಧವೂ ಸವೆದಿರಲಿಲ್ಲ. ಇವರು ಮೊದಲನೆಯದರ ಮೇಲೆ ಅಂಗೈ ಇಟ್ಟರು. ಆಮೇಲೆ ಎರಡನೆಯದು, ಮೂರನೆಯದು. ಮತ್ತೆ ಮೊದಲನೆಯದಕ್ಕೆ ಬಂದರು.

"ಇಲ್ಲಿ ನೋಡೆ," ಎಂದು ನನ್ನ ಕೈ ಹಿಡಿದು ರಬ್ಬರಿನ ಮೇಲೆ ಇಟ್ಟರು. ಮೂರೂ ಟೈರು ನಟ್ಟನಡುವೆ ಎರಡು ಬೆರಳಗಲ ಮಾತ್ರ ಸವೆದು ನುಣ್ಣಗಾಗಿದ್ದವು. ಅದರ ಎರಡೂ ಪಕ್ಕ ಹೊಸ ಟೈರಿಗಿರುವ ರಬ್ಬರಿನ ಸಣ್ಣ ಕೂದಲುಗಳು ಕೂಡ ಹಾಗೇ ಇದ್ದವು. "ಮೀಸೆಯವರದ್ದು, ಬ್ಯಾಂಕಿನವರದ್ದು ಎಲ್ಲ ನಾಲ್ಕು ಬೆರಳಗಲ ಸವೆದಿರುತ್ತೆ. ಈ ಮೂರು ಯಾಕೆ ಹೀಗೆ?"

ಅಂಗಳದವರಿಂದ ಮಾರಿದವರ ಫೋನ್ ನಂಬರು ತೆಗೆದುಕೊಂಡು ಅಲ್ಲೇ ಒಂದು ಮುರಿದ ಸೀಟಿನ ಮೇಲೆ ಕೂತು ಇವರು ಒಬ್ಬೊಬ್ಬರಿಗೇ ಫೋನ್ ಮಾಡಿದರು. ಮೊದಲನೆಯವಳು ಲೈಬ್ರರಿಯಲ್ಲಿ ಕೆಲಸ ಮಾಡುವ ಹುಡುಗಿ. "ಒದ್ದೆ ನೆಲದಲ್ಲಿ ಹಿಂದೆ ಜಾರ್ತಿತ್ತು ಅಂಕಲ್. ನನಗೆ ಓಡಿಸೋಕೆ ಬರಲ್ಲ ಅಂದ್ಕೊಂಡೆ," ಎಂದಳು. ಎರಡನೆಯವರು ಹಲ್ಲಿನ ಡಾಕ್ಟರ ಹತ್ತಿರ ಸಹಾಯಕಿ. "ಚಳಿಗಾಲದಲ್ಲಿ ಬೆಳಗ್ಗೆ ಬೆಳಗ್ಗೆ ಜೀವ ಕೈಯಲ್ಲಿ ಹಿಡ್ಕೊಂಡು ಹೋಗ್ತಿದ್ದೆ. ಇನ್ನೊಬ್ಬರಿಗೆ ಹೇಳಿದ್ರೆ ನಗ್ತಾರೆ ಅಂತ ಸುಮ್ಮನಾದೆ." ಮೂರನೆಯವರು ನಮ್ಮ ಬೀದಿಯ ತುದಿಯಲ್ಲೇ ಇರುವ ಗಡಿಯಾರ ರಿಪೇರಿಯವರು. ಅವರು, "ವಯಸ್ಸಾಯ್ತು ಅಂದ್ಕೊಂಡೆ. ಅದಕ್ಕೇ ಮಾರಿದೆ," ಎಂದಷ್ಟೇ ಹೇಳಿ ಫೋನ್ ಇಟ್ಟರಂತೆ.

ಮೂವರೂ ತಮ್ಮದೇ ತಪ್ಪು ಎಂದುಕೊಂಡಿದ್ದರು. ಒಬ್ಬರ ಬಾಯಿಂದಲೂ ಟೈರಿನ ಮೇಲೆ ದೂರಿಲ್ಲ.

ನನಗೆ ಹೊಳೆದಿದ್ದು ಆಗ. "ಗಡಿಯಾರದವರ ಸೊಂಟ ಇಪ್ಪತ್ತೇಳು ಇಂಚು ರೀ," ಎಂದೆ.

"ಈಗ ಅದ್ಯಾಕೆ?"

"ನನ್ನ ಅಳತೆ ಪುಸ್ತಕದಲ್ಲಿದೆ. ನಿಮ್ಮ ಇಪ್ಪತ್ತಮೂರು ಜನರಲ್ಲಿ ಒಂಬತ್ತು ಜನ ನನ್ನ ಹತ್ರಾನೂ ಹೊಲಿಸ್ತಾರೆ. ಒಬ್ಬರ ಸೊಂಟಾನೂ ಮೂವತ್ತೆಂಟಕ್ಕಿಂತ ಕಡಿಮೆ ಇಲ್ಲ. ಮೀಸೆಯವರದ್ದು ನಲವತ್ತನಾಲ್ಕು, ಮೇಲೆ ಹೆಂಡತಿ, ಮೇಲೆ ಪೆಟ್ಟಿಗೆ. ಮಾರಿದ ಈ ಮೂವರು ಹಗುರ ಇರಬೇಕು. ಒಬ್ಬೊಬ್ಬರೇ ಓಡಾಡೋರು. ನಿಮ್ಮ ತಂಗಿ ಹಾಗೆ."

ಇವರು ನನ್ನನ್ನೇ ನೋಡಿದರು. ಆಮೇಲೆ ಪಕ್ಕದ ಬೈಕಿನ ಸೀಟು ಎತ್ತಿ, ಅದರಡಿ ಪ್ಲಾಸ್ಟಿಕ್ ಚೀಲದಲ್ಲಿದ್ದ ಕಂಪನಿಯ ಪುಸ್ತಿಕೆ ಬಿಡಿಸಿದರು. ಹಿಂದಿನ ಚಕ್ರದ ಗಾಳಿಗೆ ಅದರಲ್ಲಿ ಎರಡು ಅಂಕಿ ಇದ್ದವು. ಒಬ್ಬರೇ ಹೋಗುವಾಗ ಮೂವತ್ತಾರು. ಇಬ್ಬರು ಸಾಮಾನು ಸಹಿತ ಹೋಗುವಾಗ ನಲವತ್ತೆರಡು. ಇವರು ಇಪ್ಪತ್ತೆಂಟು ವರ್ಷದಿಂದ ಬಂದವರಿಗೆಲ್ಲ ಭಾರದ ಅಂಕಿಯನ್ನೇ ತುಂಬುತ್ತಾ ಬಂದಿದ್ದರು. ಹೆಚ್ಚಿದ್ದರೆ ಏನೂ ಆಗುವುದಿಲ್ಲ, ಕಡಿಮೆಯಾದರೆ ಅಪಾಯ ಎಂದು ಬಸ್ ಟೈರಿನ ಕಾಲದ ಹೆದರಿಕೆ. ಹಳೆ ಟೈರುಗಳು ಹೇಗೋ ಅದನ್ನು ತಡೆದುಕೊಂಡಿದ್ದವು. ನಡುವೆ ಗಟ್ಟಿ ರಬ್ಬರಿನ ಈ ಟೈರು ತಡೆದುಕೊಳ್ಳಲಿಲ್ಲ. ಬಿಗಿಯಾಗಿ ಊದಿದ ಚಕ್ರ ಹಗುರ ಮೈಯವರ ಕೆಳಗೆ ಒತ್ತಿಕೊಳ್ಳದೆ, ನೆಲವನ್ನು ಎರಡು ಬೆರಳಷ್ಟೇ ಮುಟ್ಟಿಕೊಂಡು ಓಡಿತ್ತು. ತಣ್ಣಗಿನ ಬೆಳಗಿನಲ್ಲಿ ಅದು ಬಿಸಿಯಾಗಿ ಮೆದುವಾಗುತ್ತಲೂ ಇರಲಿಲ್ಲ.

"ಗಾಳಿ ಹಾಕಿದ್ದು ನಾನೇ," ಎಂದರು ಇವರು. ಮುಖ ಬಿಳುಚಿತ್ತು. ನನಗೆ ಗೆದ್ದ ಖುಷಿ ಇರಬೇಕಿತ್ತು. ಇರಲಿಲ್ಲ.

ಗುರುವಾರ, ಶುಕ್ರವಾರ ತಂಗಿ ಫೋನ್ ಎತ್ತಲಿಲ್ಲ. ಶನಿವಾರ ಬೆಳಗ್ಗೆ ಏಳಕ್ಕೆ ಅವಳ ಮನೆಗೇ ಹೋದೆವು. ಸಣ್ಣಗೆ ಮಳೆ ಹನಿಯುತ್ತಿತ್ತು. ಅವಳ ಗಂಡ ಮರುದಿನ ಬರುವವರಿಗೆ ತೋರಿಸಲು ಗ್ಯಾರೇಜಿನಲ್ಲಿ ಬೈಕು ಒರೆಸುತ್ತಿದ್ದ. ಅವಳು ಚಪ್ಪಲಿ ಮೆಟ್ಟಿಕೊಂಡು ಬಾಗಿಲಿಗೆ ಬಂದಳು.

"ತಪ್ಪು ನಂದು," ಎಂದರು ಇವರು, ಇನ್ನೂ ಕೊಡೆ ಮಡಚದೆ. "ಟೈರಲ್ಲೂ ಇಲ್ಲ, ನಿನ್ನ ತಲೆಯಲ್ಲೂ ಇಲ್ಲ. ನಾನು ಹಾಕಿದ ಗಾಳಿಯಲ್ಲಿದೆ."

"ನನ್ನ ಸಮಾಧಾನಕ್ಕೆ ಹೇಳ್ತಿದೀಯ."

"ನಿನ್ನೆದುರಿಗೇ ತೋರಿಸ್ತೀನಿ. ಹತ್ತಿ ಕೂತ್ಕೊ."

ಅವಳು ಮನಸ್ಸಿಲ್ಲದೆ ಹತ್ತಿದಳು. ಇವರು ಜೇಬಿನಿಂದ ನನ್ನ ಬಟ್ಟೆಗೆ ಗುರುತು ಹಾಕುವ ಚಾಕ್‌ಪೀಸನ್ನೇ ತೆಗೆದರು. ಕದ್ದು ತಂದಿದ್ದರು! ಹಿಂದಿನ ಟೈರಿನ ಮೇಲೆ ಈ ಅಂಚಿನಿಂದ ಆ ಅಂಚಿಗೆ ದಪ್ಪಗೆ ಗೆರೆ ಎಳೆದು, ಗ್ಯಾರೇಜಿನ ಒಣ ನೆಲದ ಮೇಲೆ ಚಕ್ರ ಒಂದು ಸುತ್ತು ತಿರುಗುವಷ್ಟು ಬೈಕನ್ನು ಮುಂದೆ ತಳ್ಳಿದರು. ಗೆರೆ ನಡುವೆ ಎರಡು ಬೆರಳಗಲ ಮಾತ್ರ ಅಳಿಸಿತ್ತು. ವಾಲ್ವ್ ಒತ್ತಿದರು. ಗಾಳಿ ಬುಸ್ಸೆಂದಿತು. ಬಿಡುವುದು, ಅಳೆಯುವುದು, ಮತ್ತೆ ಬಿಡುವುದು. ಮೂವತ್ತಾರಕ್ಕೆ ನಿಲ್ಲಿಸಿದರು. ಮುಂದಿನ ಚಕ್ರದಲ್ಲೂ ಪುಸ್ತಿಕೆಯಲ್ಲಿದ್ದಷ್ಟು ಇಳಿಸಿ, ಹಿಂದೆ ಮತ್ತೆ ಗೆರೆ ಎಳೆದು ತಳ್ಳಿದರು. ಈ ಸಲ ಗೆರೆ ನಾಲ್ಕು ಬೆರಳಗಲ ಅಳಿಸಿಹೋಗಿತ್ತು.

ನಾದಿನಿ ಇಳಿದು ಬಂದು ಆ ಗೆರೆಯ ಮೇಲೆ ಬೆರಳಿಟ್ಟು ನೋಡಿದಳು. ಎದ್ದು ಒಳಗೆ ಹೋಗಿ ಜಾಕೆಟ್ಟು, ಹೆಲ್ಮೆಟ್ಟು, ಬೂಟು ಹಾಕಿಕೊಂಡು ಬಂದಳು. ಅವಳ ಗಂಡ, "ಮಳೆ ಇದೆ, ಬೇಡ. ಅಕ್ಕ, ನೀವಾದ್ರೂ ಹೇಳಿ," ಎಂದು ನನ್ನ ಕಡೆ ತಿರುಗಿದ. "ಮಳೆ ಇದೆ ಅಂತಲೇ ಹೋಗ್ತಿದಾಳೆ," ಎಂದೆ. ಬಾಯಿ ಧೈರ್ಯ ಅಷ್ಟೆ.

ಲ್ಯಾಬಿನ ವೃತ್ತಕ್ಕೆ ಅಲ್ಲಿಂದ ಹತ್ತು ನಿಮಿಷದ ದಾರಿ. ಹೋಗಿ ಬರಲು ಇಪ್ಪತ್ತು. ಮೂವತ್ತು ನಿಮಿಷವಾಯಿತು. ಇವರು ಮಳೆಯಲ್ಲೇ ಗೇಟಿನ ಬಳಿ ನಿಂತಿದ್ದರು. ಅವಳ ಗಂಡ ಒಣಗಿದ ಬಟ್ಟೆಯಿಂದ ಏನೂ ಇಲ್ಲದ ನೆಲವನ್ನು ಒರೆಸುತ್ತಿದ್ದ. ನಲವತ್ತು ನಿಮಿಷಕ್ಕೆ ಸದ್ದು ಕೇಳಿತು.

ಅವಳು ಬೈಕು ನಿಲ್ಲಿಸಿ ಹೆಲ್ಮೆಟ್ ತೆಗೆದಳು. ಮುಖವೆಲ್ಲ ಒದ್ದೆ. ಹೆಲ್ಮೆಟ್ಟಿನೊಳಗೆ ಮಳೆ ಬೀಳುವುದಿಲ್ಲ, ಹಾಗಾಗಿ ಅತ್ತಿದ್ದಾಳೆ ಎಂದು ಗೊತ್ತಾಯಿತು.

"ಆ ವೃತ್ತವನ್ನ ಒಂಬತ್ತು ಸಲ ಸುತ್ತಿದೆ. ಲ್ಯಾಬಿನ ಕಾವಲಿನವರು ಹೊರಗೆ ಬಂದು ನೋಡಿದ್ರು," ಎಂದಳು. "ಹಿಂದಿನ ಚಕ್ರ ನನ್ನ ಜೊತೆಗೇ ಬಂತು."

ಇವರು ಸುಮ್ಮನೆ ತಲೆಯಾಡಿಸಿದರು. ಅವಳು ಇಳಿಯಲಿಲ್ಲ. "ಅಣ್ಣ, ಒಂದು ಕೇಳ್ತೀನಿ, ನಿಜ ಹೇಳು. ಹೊರಗಿನವರು ಇಪ್ಪತ್ತಮೂರು ಜನ ಹೇಳಿದ್ದನ್ನ ನಂಬಿದೆ. ನಾನು ಹೇಳಿದ್ದನ್ನ ಯಾಕೆ ನಂಬಲಿಲ್ಲ?"

ನಾನಾಗಿದ್ದರೆ ಏನಾದರೂ ಹೇಳಿ ಜಾರಿಕೊಳ್ಳುತ್ತಿದ್ದೆ. ಇವರು ಯೋಚಿಸಿದರು. ಬೇರೆಯವರ ಪ್ರಶ್ನೆಗೂ ಅಷ್ಟೇ ಆಳಕ್ಕೆ ಇಳಿಯುವುದು ಇವರ ಸ್ವಭಾವ.

"ನೀನು ಹೆದರಿದೀಯ ಅಂತಾದ್ರೆ ಟೈರೂ ಸರಿ, ನಾನೂ ಸರಿ," ಎಂದರು. "ನೀನು ಹೇಳಿದ್ದು ನಿಜ ಅಂತಾದ್ರೆ, ನಿನ್ನ ಬೀಳಿಸಿದ್ದು ನಾನೇ ಅಂತಾಗ್ತಿತ್ತು. ಅದನ್ನ ನೋಡೋಕೆ ನನಗೆ ಧೈರ್ಯ ಇರಲಿಲ್ಲ ಕಣೆ."

ಅವಳು ಕ್ಷಮಿಸಿದೆ ಎಂದೇನೂ ಹೇಳಲಿಲ್ಲ. ಗಂಡನಿಗೆ, "ನಾಳೆ ಬರೋರಿಗೆ ಬೇಡ ಅಂತ ಫೋನ್ ಮಾಡಿಬಿಡಿ," ಎಂದಳು. ಬೇರೆ ಮೂವರ ವಿಷಯವನ್ನು ನನ್ನ ಬಾಯಿಂದ ಕೇಳಿ, "ಫೋನಲ್ಲಿ ಹೇಳಿ ಮುಗಿಸಬೇಡ ಅಣ್ಣ. ಮನೆಗೆ ಹೋಗಿ ಹೇಳು. ನಾನೂ ಬರ್ತೀನಿ," ಎಂದಳು.

ಭಾನುವಾರ ಮೊದಲು ಹೋಗಿದ್ದು ಗಡಿಯಾರದವರ ಮನೆಗೆ. ನಾದಿನಿ ಬೈಕಿನಲ್ಲಿ, ನಾವಿಬ್ಬರು ನಡೆದುಕೊಂಡು. ಅವರು ಬಾಗಿಲಲ್ಲೇ ನಿಂತು ಎಲ್ಲವನ್ನೂ ಕೇಳಿದರು. ಎರಡು ಅಂಕಿಯ ಕಥೆ, ಎರಡು ಬೆರಳಿನ ಕಥೆ, ಬಸ್ ಟೈರಿನ ಹೆದರಿಕೆ, ಒಂದನ್ನೂ ಇವರು ಮುಚ್ಚಿಡಲಿಲ್ಲ. ಮುಗಿದ ಮೇಲೆ ಗಡಿಯಾರದವರು ತಮ್ಮ ಎರಡೂ ಅಂಗೈಗಳನ್ನು ಒಮ್ಮೆ ತಿರುಗಿಸಿ ನೋಡಿಕೊಂಡರು.

"ಹಾಗಾದ್ರೆ ನನ್ನ ಕೈ ಸರಿಯಾಗೇ ಇತ್ತಾ?"

"ಸರಿಯಾಗೇ ಇತ್ತು. ನಾನೇ ಕೆಡಿಸಿದ್ದು," ಎಂದರು ಇವರು.

"ಬೈಕ್ ಮಾರಿದ ಮೇಲೆ ಹೆಂಗಸರ ಕೈಗಡಿಯಾರ ಬಿಚ್ಚೋದೂ ನಿಲ್ಲಿಸಿಬಿಟ್ಟೆ. ಅಷ್ಟು ಸಣ್ಣದು ಈ ಕೈಗೆ ಇನ್ನು ಆಗಲ್ಲ ಅಂತ," ಎಂದರು ಅವರು. ಇವರು ತಲೆ ತಗ್ಗಿಸಿ ನಿಂತಿದ್ದರು. ಇಷ್ಟು ವರ್ಷದ ಸಂಸಾರದಲ್ಲಿ ಅವರ ತಲೆ ಅಷ್ಟು ತಗ್ಗಿದ್ದನ್ನು ನಾನು ನೋಡಿರಲಿಲ್ಲ.

ನಾದಿನಿ ಬೈಕಿನಿಂದ ಇಳಿದು ಕೀಲಿಯನ್ನು ಅವರ ಮುಂದೆ ಹಿಡಿದಳು. "ಒಂದು ಸುತ್ತು ಹೋಗಿ ಬನ್ನಿ. ಇದರಲ್ಲಿ ನಮ್ಮಂಥ ಹಗುರದವರ ಲೆಕ್ಕಕ್ಕೇ ಗಾಳಿ ಇದೆ," ಎಂದಳು.

ಗಡಿಯಾರದವರು ಕೀಲಿಯನ್ನು ನೋಡಿದರು, ಒದ್ದೆ ಬೀದಿಯನ್ನು ನೋಡಿದರು. ಒಳಗೆ ಹೋದರು. ಬರುವುದಿಲ್ಲ ಎಂದುಕೊಂಡೆವು. ಒಳಗೆ ಯಾವುದೋ ಕಪಾಟು ತೆಗೆದ ಸದ್ದಾಯಿತು. ಹೆಲ್ಮೆಟ್ಟಿನ ಮೇಲಿನ ಧೂಳನ್ನು ಅಂಗಿಯ ತೋಳಿನಿಂದ ಒರೆಸಿಕೊಳ್ಳುತ್ತಾ ಅವರು ಹೊರಗೆ ಬಂದರು.